ಪದಕದ ಪಾಳಿ

ದೆಹಲಿಯ ಗೌರವದ ಪಟ್ಟಿ ಪೇಪರಿನಲ್ಲಿ ಬಂದ ದಿನ ನಮ್ಮ ಮನೆಯಲ್ಲಿ ಜಗಳ ಆಗುವುದು ಪ್ರತಿ ವರ್ಷದ ಪದ್ಧತಿ. ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನನ್ನ ಗಂಡ ಬ್ಯಾಂಕಿನಲ್ಲಿದ್ದಾರೆ. ತಲೆಯ ಮುಂದಿನ ಕೂದಲು ಉದುರಿವೆ, ಮಗಳು ಪಿಯುಸಿಗೆ ಬಂದಿದ್ದಾಳೆ, ಆದರೂ ಬೈಕಿನ ಹಿಂದೆ ಒಬ್ಬ ಸಿನೆಮಾ ಹೀರೋನ ಸ್ಟಿಕ್ಕರ್ ಅಂಟಿಸಿಕೊಂಡು ತಿರುಗುತ್ತಾರೆ. ಆ ವರ್ಷದ ಪಟ್ಟಿಯಲ್ಲಿ ಆ ಹೀರೋನೇ ಇದ್ದ. ಮೊದಲ ಪುಟದಲ್ಲಿ ಅಂಗೈ ಅಗಲದ ಫೋಟೋ.

"ಕುಣದಿದ್ದಕ್ಕ ರೊಕ್ಕ ಕೊಟ್ಟಾರ, ಜನ ಶಿಳ್ಳಿ ಹೊಡದಾರ, ಕಟೌಟಿಗೆ ಹಾಲು ಸುರದಾರ. ಮತ್ತ ದೇಶಾನೂ ಹೋಗಿ ಅವನ ಮುಂದ ಕೈ ಮುಗೀಬೇಕೇನು?" ಎಂದೆ.

"ಜನ ಮೆಚ್ಚಿದ್ದನ್ನ ದೇಶ ಮೆಚ್ಚಿದ್ರ ನಿನಗ್ಯಾಕ ಹೊಟ್ಟಿಯುರಿ? ದೇಶ ಅಂದ್ರ ಜನ ಅಲ್ಲೇನು?" ಎಂದರು ಅವರು, ಮಂಡಕ್ಕಿಯ ಒಗ್ಗರಣಿ ಬಾಯಿಗೆ ಹಾಕಿಕೊಳ್ಳುತ್ತ.

ನನಗೆ ಮೈಯೆಲ್ಲ ಉರಿಯಿತು. ಸ್ವತಂತ್ರ ಭಾರತದಲ್ಲಿ ಬಿರುದುಗಳಿಲ್ಲ ಎಂದು ನಾನು ವರ್ಷಾವರ್ಷ ಪಾಠ ಮಾಡುತ್ತೇನೆ. ನಿಜಾಮನ ಕಾಲದ ಜಂಗ್, ದೌಲಾಗಳು ಹೋದವು, ರಾಯಬಹದ್ದೂರರು ಹೋದರು, ಎಲ್ಲರೂ ಬರೀ ಹೆಸರಿನವರಾದರು ಎನ್ನುತ್ತೇನೆ. ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಹಂಗಾದ್ರ ಈ ಪದಕ ಯಾಕ ಕೊಡ್ತಾರ್ರೀ ಮೇಡಂ?" ಎಂದು ಕೇಳಿಯೇ ಕೇಳುತ್ತಾರೆ. ಅದು ಬಿರುದಲ್ಲ, ಗೌರವ, ಹೆಸರಿನ ಮುಂದೆ ಹಚ್ಚಿಕೊಳ್ಳುವ ಹಾಗಿಲ್ಲ ಎಂದು ಉತ್ತರಿಸುತ್ತೇನೆ. ಮಕ್ಕಳು ನಗುತ್ತಾರೆ. ಕಾಲೇಜಿನ ಗೇಟಿನ ಹೊರಗೆ ಕಟ್ಟಿರುವ ಬ್ಯಾನರುಗಳಲ್ಲಿ ಹೆಸರಿಗಿಂತ ಹೆಸರಿನ ಮುಂದಿನದೇ ದೊಡ್ಡ ಅಕ್ಷರದಲ್ಲಿರುತ್ತದೆ.

ಇದನ್ನೆಲ್ಲ ಗಂಡನಿಗೆ ಒಪ್ಪಿಸುತ್ತಿದ್ದಾಗ ಅವರು ಪೇಪರಿನ ಒಳಪುಟ ತಿರುವಿದರು. ತಿರುವಿದವರು ಬಾಯಲ್ಲಿಯ ಮಂಡಾಳು ನುಂಗುವುದನ್ನೇ ಮರೆತರು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಗತೊಡಗಿದರು. ಸಣ್ಣ ಅಕ್ಷರದ ಸಾಲಿನಲ್ಲಿ, ಜಾನಪದ ಗಾಯನ ಎಂಬುದರ ಎದುರಿಗೆ, ನನ್ನ ಅಪ್ಪನ ಹೆಸರು ಇತ್ತು.

"ಈಗ ಹೇಳು, ಕೈ ಮುಗೀಬೇಕೋ ಬ್ಯಾಡೋ?"

ನಾನು ಅಪ್ಪನಿಗೆ ಫೋನ್ ಮಾಡಿದೆ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಹತ್ತಿರ ನಮ್ಮ ಊರು. ಅಪ್ಪ ಹೊಲದಲ್ಲಿದ್ದ. ಹಿಂದಿನ ದಿನ ಯಾರೋ ಹಿಂದಿಯಲ್ಲಿ ಫೋನ್ ಮಾಡಿದ್ದರಂತೆ. ಸಾಲ ಬೇಕೇನು ಎಂದು ಕೇಳುವ ಕಂಪನಿಯವರಿರಬೇಕೆಂದು ಅಪ್ಪ "ಹಾಂ, ಹಾಂ" ಅಂದು ಇಟ್ಟುಬಿಟ್ಟಿದ್ದ. ಹಾಗೆ ನಮ್ಮಪ್ಪ ದೇಶದ ಗೌರವಕ್ಕೆ ಒಪ್ಪಿಗೆ ಕೊಟ್ಟದ್ದು.

ಅಂದು ಸ್ಟಾಫ್ ರೂಮಿನಲ್ಲಿ ಪೇಢಾ ಹಂಚಿದೆ. ಎಲ್ಲರೂ ಖುಷಿಪಟ್ಟರು. ಇಂಗ್ಲಿಷ್ ಕಲಿಸುವವರೊಬ್ಬರು ಮಾತ್ರ, "ಅಂತೂ ನಿಮ್ಮಪ್ಪಾನೂ ಸಿನೆಮಾದವರೇ ಆದ್ರಲ್ರೀ" ಎಂದರು. ಹಾಸ್ಯಕ್ಕೆ ಅಂದ ಮಾತು. ಉಳಿದ ಪೇಢಾ ಕಟ್ಟಿ ಬ್ಯಾಗಿಗೆ ಹಾಕಿಕೊಂಡುಬಿಟ್ಟೆ. ಏಕೆಂದರೆ ಅದು ಸುಳ್ಳಲ್ಲ.

ಅಪ್ಪ ನಲವತ್ತು ವರ್ಷಗಳಿಂದ ಏಕತಾರಿ ಹಿಡಿದು ತತ್ವಪದ ಹಾಡುತ್ತ ಬಂದವನು. ಹಗಲು ಕಂಡವರ ಹೊಲದಲ್ಲಿ ಕೂಲಿ, ಅಮಾವಾಸ್ಯೆಗೆ ಭಜನೆ. ಅವರದು ನಾಲ್ಕು ಜನರ ಮೇಳ. ಅಪ್ಪ ಮುಂದೆ ನುಡಿ ಹೇಳುವವನು. ಒಬ್ಬ ದಮ್ಮಡಿ ಬಾರಿಸುವವನು, ಒಬ್ಬ ತಾಳದವನು. ನಾಲ್ಕನೆಯವನು ಹಿಮ್ಮೇಳದ ಕಾಕಾ. ಅಪ್ಪ ನುಡಿ ಬಿಟ್ಟಲ್ಲಿ ಪಲ್ಲವಿ ಎತ್ತುವುದು ಅವನ ಕೆಲಸ. ಕಾಕಾ ನಮ್ಮ ಜಾತಿಯವನಲ್ಲ. ನಮ್ಮ ಕೇರಿಗೆ ಬಂದು ನಮ್ಮ ಮನೆಯ ರೊಟ್ಟಿ ಉಂಡನೆಂದು ಅವನ ಅಣ್ಣತಮ್ಮಂದಿರು ಬಹಳ ದಿನ ಅವನ ಕೂಡ ಮಾತು ಬಿಟ್ಟಿದ್ದರು. ಅವನು ಉಣ್ಣುವುದನ್ನೂ ಬಿಡಲಿಲ್ಲ, ಹಾಡುವುದನ್ನೂ ಬಿಡಲಿಲ್ಲ. ಮುಂದೆ ಹೆಂಡತಿಯ ಊರಾದ ಮಾನ್ವಿ ತಾಲ್ಲೂಕಿನ ಪೋತ್ನಾಳದ ಕಡೆ ಭತ್ತದ ಗದ್ದೆ ಗುತ್ತಿಗೆಗೆ ಹಿಡಿದು ಅಲ್ಲಿಯೇ ಉಳಿದ. ಆದರೂ ಪ್ರತಿ ಅಮಾವಾಸ್ಯೆಗೆ ಬಸ್ಸು ಬದಲಿಸುತ್ತ ನಮ್ಮೂರಿಗೆ ಬರುತ್ತಿದ್ದ.

ಕೆಲವು ವರ್ಷಗಳ ಹಿಂದೆ ಒಬ್ಬ ಸಿನೆಮಾ ಸಂಗೀತದವನು ಎಲ್ಲೋ ಇವರ ಹಾಡು ಕೇಳಿ ಅಪ್ಪನನ್ನು ಬೆಂಗಳೂರಿಗೆ ಕರೆಸಿಕೊಂಡ. ಅಪ್ಪನನ್ನು ಮಾತ್ರ. "ತಲಿ ಮ್ಯಾಲ ತುಂಬಿದ ಕೊಡವ್ವ, ದಾರಿ ದೂರ" ಎಂದು ಅಪ್ಪ ನುಡಿ ಎತ್ತಿದರೆ, "ಕೈ ಹಚ್ಚಿ ಇಳಿಸವ್ವ, ಕೈ ಹಚ್ಚಿ ಇಳಿಸ" ಎಂದು ಕಾಕಾ ಕೆಳಗಿನ ಸ್ವರದಲ್ಲಿ ತೆಗೆದುಕೊಳ್ಳುವ ಪದ ಅದು. ಸಿನೆಮಾದವರು ನುಡಿ ಇಟ್ಟುಕೊಂಡು ಪಲ್ಲವಿ ಕಿತ್ತುಹಾಕಿದರು. ಅಲ್ಲಿ ಹತ್ತಾರು ಹುಡುಗಿಯರಿಂದ "ಹೊಯ್ಯಾರೆ ಹೊಯ್ಯಾ" ಎನ್ನಿಸಿದರು. ಹಾಡು ಎಲ್ಲೆಲ್ಲಿಗೂ ಹೋಯಿತು. ಮದುವೆಯ ಡಿಜೆಯಲ್ಲಿ, ಆಟೋದಲ್ಲಿ, ರಾಯಚೂರಿನ ತೀನ್ ಕಂದೀಲು ವೃತ್ತದ ಮೊಬೈಲ್ ಅಂಗಡಿಗಳಲ್ಲಿ, ಎಲ್ಲಿ ನಿಂತರೂ ಅಪ್ಪನ ದನಿ. ಕಾಕಾ ಅದನ್ನು ಮೊದಲ ಸಲ ಕೇಳಿದ್ದು ಮಾನ್ವಿ ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯ ಮುಂದೆ. ಪಲ್ಲವಿ ಬರುವ ಜಾಗ ಬಂದಾಗ ತಾನೇ ಬಾಯಿ ತೆರೆದನಂತೆ. ಹುಡುಗಿಯರು ಹೊಯ್ಯಾ ಎಂದರು.

ಆಮೇಲೂ ಕಾಕಾ ಅಮಾವಾಸ್ಯೆಗೆ ಬರುತ್ತಿದ್ದ. ಆ ಒಂದು ಪದ ಬಂದಾಗ ಮಾತ್ರ ಎಲೆ ಅಡಿಕೆಯ ಚೀಲ ಹುಡುಕತೊಡಗುತ್ತಿದ್ದ. ಅಪ್ಪ ಮೇಳದಲ್ಲಿ ಆ ಪದ ಹಾಡುವುದನ್ನೇ ಬಿಟ್ಟ.

ದೆಹಲಿಗೆ ಹೋಗುವ ಮುಂಚೆ ಅಪ್ಪ ಕಾಕಾನನ್ನು ಕರೆದ. ಜೊತೆಗೆ ಒಬ್ಬರನ್ನು ಕರೆತರಲು ಅವಕಾಶವಿತ್ತು. "ಅಲ್ಲಿ ನನ್ನ ಹೆಸರೇನದ ಅಂತ ಬರ್ಲೀ?" ಎಂದುಬಿಟ್ಟ ಕಾಕಾ. ಅವ್ವನಿಗೆ ರೈಲೆಂದರೆ ತಲೆಸುತ್ತು. ಹಾಗಾಗಿ ನಾನು ಹೋದೆ.

ಅಲ್ಲಿ ಆ ಹೀರೋನನ್ನು ನೋಡಿದೆ. ನಿಜ ಹೇಳುತ್ತೇನೆ, ಅವನನ್ನು ದ್ವೇಷಿಸಲು ನಾನು ಸಜ್ಜಾಗಿಯೇ ಹೋಗಿದ್ದೆ. ಅವನು ತಾನಾಗಿ ಎದ್ದು ಬಂದು ಅಪ್ಪನ ಕಾಲು ಮುಟ್ಟಿದ. ಪಕ್ಕದಲ್ಲಿ ಕುಳಿತು, "ಯಜಮಾನ್ರೇ, ನಿಮ್ಮ ಹಿಂದೆ ಹಾಡೋರು ಬರ್ಲಿಲ್ವಾ?" ಎಂದು ಕೇಳಿದ. ಅಪ್ಪ ತಲೆ ಅಲ್ಲಾಡಿಸಿದ. "ನಂದೂ ಅದೇ ಕಥೆ. ನನ್ನ ಹಾಡು ಹಾಡೋರು ಬೇರೆ, ಫೈಟಲ್ಲಿ ಮೇಲಿಂದ ಬೀಳೋರು ಬೇರೆ. ಅವರ್‍ಯಾರೂ ಇಲ್ಲಿಲ್ಲ. ನಾನೊಬ್ಬ ಬಂದು ಕೂತಿದ್ದೀನಿ" ಎಂದು ನಕ್ಕ. ಅವನು ಒಳ್ಳೆಯವನಾಗಿದ್ದು ನನಗೆ ಬಹಳ ತೊಂದರೆ ಕೊಟ್ಟಿತು. ಕೆಟ್ಟವನಾಗಿದ್ದರೆ ನನ್ನ ವಾದ ಸಲೀಸಾಗಿ ನಡೆಯುತ್ತಿತ್ತು.

ವಾಪಸ್ ಬರುವಾಗ ರೈಲಿನಲ್ಲಿ ಅಪ್ಪ, "ಆ ಹುಡುಗಾನೂ ನಾನೂ ಒಂದೇ ಸಾಲಿನ್ಯಾಗ ನಿಂತಿದ್ವಿ ನೋಡು" ಎಂದ.

ನನಗೆ ತಡೆಯಲಾಗಲಿಲ್ಲ. "ಅವನಿಗೂ ನಿನಗೂ ಎಲ್ಲಿಂದೆಲ್ಲಿಗಿ ಯಪ್ಪಾ? ನೀ ನಲವತ್ತು ವರ್ಷ ಹಾಡಿದಾವ."

"ನಲವತ್ತು ವರ್ಷ ಹಾಡಿದ್ದು ದಿಲ್ಲಿಗಿ ಕೇಳಸಲಿಲ್ಲಲ್ಲವ್ವಾ. ಸಿನಿಮಾದಾಗ ಹಾಡಿದ ಮ್ಯಾಲ ಕೇಳಸ್ತು. ಹಂಗಿದ್ದ ಮ್ಯಾಲ ಅವನಿಗಿ ಯಾಕಂತೀ, ನನಗ ಯಾಕನ್ನು."

ನಾನು ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ. ಹೆಸರಾದವರಿಗೆ ಇನ್ನೂ ಹೆಸರು ಕೊಡುವುದೇ ಗೌರವವಾದರೆ ಅದು ಯಾರ ಉಪಯೋಗಕ್ಕೆ ಎಂದು ನಾನು ಮಂದಿಯನ್ನು ಕೇಳುತ್ತ ಬಂದಿದ್ದೆ. ಈಗ ಆ ಪ್ರಶ್ನೆ ಟವೆಲ್ ಹೊದ್ದು ಕೆಳಗಿನ ಬರ್ತಿನಲ್ಲಿ ಮಲಗಿತ್ತು.

ಉಪಯೋಗ ಏನೆಂಬುದು ಊರಿಗೆ ಬಂದ ಮೇಲೆ ಒಂದಿಷ್ಟು ಕಂಡಿತು, ಅದನ್ನೂ ಮುಚ್ಚಿಡಲಾರೆ. ಯಾವ ಹಿರಿಯರು ನಮ್ಮಪ್ಪನನ್ನು ಗುಡಿಯ ಕಟ್ಟೆಯ ಕೆಳಗೆ ನಿಲ್ಲಿಸಿ ಹಾಡಿಸುತ್ತಿದ್ದರೋ ಅವರೇ ನಮ್ಮ ಕೇರಿಯೊಳಗೆ ಬಂದರು, ನಮ್ಮ ಮನೆಯಲ್ಲಿ ಕುಳಿತು ಅವ್ವ ಮಾಡಿದ ಚಹಾ ಕುಡಿದರು. ಅವ್ವ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಲವತ್ತು ವರ್ಷದ ಹಾಡಿಗೆ ಬರದವರು ದೆಹಲಿಯ ಒಂದು ಬಿಲ್ಲೆಗೆ ಬಂದಿದ್ದರು. ಆದರೂ ಬಂದಿದ್ದರು. ಆ ಬಿಲ್ಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಅವರೆಲ್ಲ ಎದ್ದುಹೋದ ಮೇಲೆ ಅಪ್ಪ ಪದಕದ ಡಬ್ಬಿಯನ್ನು ಏಕತಾರಿಯ ಮುಂದೆ ಇಟ್ಟ. ಅವರ ಮೇಳದ ಕಟ್ಟಳೆ ಹೀಗಿದೆ: ಹಾಡಿನಿಂದ ಬಂದದ್ದು ಏನೇ ಇರಲಿ, ಶಾಲಿರಲಿ, ಧೋತರವಿರಲಿ, ಮೊದಲು ಏಕತಾರಿಯ ಮುಂದೆ ಇಡಬೇಕು. ಹಂಚಲು ಬಂದರೆ ಹಂಚಬೇಕು. ಬಾರದಿದ್ದರೆ ಪಾಳಿಯ ಪ್ರಕಾರ ಮನೆ ಮನೆಗೆ ಹೋಗಬೇಕು, ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ. ಪಾಳಿ ಹಿಂದಿನವನಿಂದ ಶುರುವಾಗುತ್ತದೆ. ತಾಳದವನು, ದಮ್ಮಡಿಯವನು, ಹಿಮ್ಮೇಳದವನು. ಎಲ್ಲರ ಮುಂದೆ ನಿಂತು ಹಾಡುವವನ ಪಾಳಿ ಎಲ್ಲರಿಗಿಂತ ಕಡೆಗೆ.

"ಯಪ್ಪಾ, ಇದು ಶಾಲಲ್ಲ. ಸರ್ಕಾರದವರು ನಿನಗಂತ ಕೊಟ್ಟಿದ್ದು" ಎಂದೆ.

"ಶಾಲೂ ನನಗಂತೇ ಹೊಚ್ಚತಿದ್ರು" ಎಂದ ಅಪ್ಪ.

ತಾಳದವನು ಡಬ್ಬಿಯನ್ನು ಹಣೆಗೆ ಹಚ್ಚಿಕೊಂಡು ಒಯ್ದ. ಆ ತಿಂಗಳು ಅವನ ತಮ್ಮನ ಮದುವೆ ಇತ್ತು, ಅದನ್ನು ಕೊರಳಿಗೆ ಹಾಕಿಕೊಂಡೇ ಅಕ್ಷತೆಗೆ ನಿಂತ. ದಮ್ಮಡಿಯವನ ಮನೆಯಲ್ಲಿ ಅದು ಟಿವಿಯ ಮೇಲೆ ಕುಳಿತಿತ್ತಂತೆ. ಇಷ್ಟರಲ್ಲಿ ಕಾಕಾ ಅಮಾವಾಸ್ಯೆಗೆ ಬರುವುದನ್ನೇ ನಿಲ್ಲಿಸಿದ್ದ. ಅಪ್ಪ ದೆಹಲಿಯಿಂದ ಬಂದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಬಸ್ಸಿನ ಹೊತ್ತಿಗೆ ಅಪ್ಪ ರಸ್ತೆಗೆ ಹೋಗಿ ನಿಲ್ಲುವುದು, ವಾಪಸ್ ಬಂದು, "ಇನ್ನೊಂದು ಬಸ್ಸದ" ಎನ್ನುವುದು. ನಾನು ಊರಿಗೆ ಹೋದಾಗಲೆಲ್ಲ ಇದನ್ನು ನೋಡಿ ಸಂಕಟಪಡುತ್ತಿದ್ದೆ. ಕಾಕಾ ಇಲ್ಲದೆ ಅಪ್ಪನ ಹಾಡಿಗೆ ನೆಲ ಸಿಗುತ್ತಿರಲಿಲ್ಲ.

ಕಾಕಾನ ಪಾಳಿ ಬಂದಾಗ ದಮ್ಮಡಿಯವನು ಡಬ್ಬಿಯನ್ನು ಪೋತ್ನಾಳದ ಕಡೆ ತಾನೇ ಒಯ್ದುಕೊಟ್ಟ. ಬರದವನ ಪಾಲೂ ತಪ್ಪಬಾರದು ಎಂಬುದೂ ಕಟ್ಟಳೆಯೇ. ತಿರುಗಿ ಕಳಿಸುತ್ತಾನೆಂದು ಅಪ್ಪ ಹೆದರಿದ್ದ. ಕಾಕಾ ಕಳಿಸಲಿಲ್ಲ. "ಇಟ್ಕೊಂಡಾನ ಯವ್ವಾ, ಇಟ್ಕೊಂಡಾನ" ಎಂದು ಅಪ್ಪ ನನಗೆ ಫೋನ್ ಮಾಡಿ ಹೇಳಿದ. ದೆಹಲಿಯಲ್ಲಿ ಚಪ್ಪಾಳೆ ಬಿದ್ದಾಗಲೂ ಅವನ ದನಿ ಅಷ್ಟು ಹಗುರಾಗಿರಲಿಲ್ಲ.

ಅದೇ ತಿಂಗಳು ರಾಯಚೂರಿನಲ್ಲಿ ಅಪ್ಪನಿಗೆ ನಾಗರಿಕ ಸನ್ಮಾನ ಇಟ್ಟುಕೊಂಡರು. ಸನ್ಮಾನ ಸಮಿತಿಯ ಅಧ್ಯಕ್ಷರು ನನಗೆ ದಿನಾ ಫೋನ್ ಮಾಡುತ್ತಿದ್ದರು. ಮಂತ್ರಿಗಳು ಬರುತ್ತಾರೆ, ಪದಕ ಎದೆಯ ಮೇಲೆ ಕಾಣಬೇಕು, ಬ್ಯಾನರಿಗೆ ಫೋಟೋ ಬೇಕು. ಪದಕ ಪಾಳಿಯಲ್ಲಿ ಹೋಗಿದೆ ಎಂದು ಹೇಳಿದಾಗ ಅವರು, "ಮೇಡಮ್ಮೋರೇ, ದೇಶದ ಪದಕ ಅದು, ತಿಂಗಳಾ ಎತ್ತೂ ಭಿಸಿ ಚೀಟಿ ಅಲ್ಲರೀ" ಎಂದರು.

ಅಪ್ಪ ಖಡಾಖಂಡಿತ ಹೇಳಿದ. "ಅದನ್ನ ಹೊಳ್ಳಿ ಕೇಳಬ್ಯಾಡ. ಕೇಳಿದ್ರ ಅದು ನಂದು ಅಂದಂಗ ಆಗ್ತದ. ಆಮ್ಯಾಲ ಅವ ಯಾವತ್ತೂ ಬರಂಗಿಲ್ಲ."

ಸನ್ಮಾನದ ದಿನ ಬೆಳಿಗ್ಗೆ ನಾನು ಮನೆಯಲ್ಲಿ ಅಡ್ಡಾಡಿ ಅಡ್ಡಾಡಿ ಸೋತೆ. ಕೊನೆಗೆ ಚಪ್ಪಲಿ ಮೆಟ್ಟಿ ಮಾನ್ವಿ ಬಸ್ಸು ಹತ್ತಿದೆ. ಪದಕ ಕೇಳಲು ಹೊರಟೆನೋ, ಕಾಕಾನನ್ನು ಕರೆಯಲು ಹೊರಟೆನೋ, ನನಗೇ ಖಾತ್ರಿ ಇರಲಿಲ್ಲ. ಮಾನ್ವಿಯಲ್ಲಿ ಇಳಿದು ಪೋತ್ನಾಳದ ಬಸ್ಸು ಹಿಡಿದೆ. ಎರಡೂ ಬದಿ ಭತ್ತ ನೆಟ್ಟ ಗದ್ದೆ, ಕಿಟಕಿಯಿಂದ ಬೆಂಕಿಯ ಗಾಳಿ. ಡ್ರೈವರ್ ಅಪ್ಪನ ಸಿನೆಮಾ ಹಾಡೇ ಹಾಕಿದ್ದ.

ಕಾಕಾ ಮನೆಯ ಕಟ್ಟೆಯ ಮೇಲೆ ಕುಳಿತು ಸಲಿಕೆಯ ಹಿಡಿಕೆ ಬಿಗಿ ಮಾಡುತ್ತಿದ್ದ. ನನ್ನನ್ನು ನೋಡಿ, "ಬಾರವ್ವಾ, ಬಿಸಲಾಗ ಬಂದೀ" ಎಂದು ನೀರು ಕೊಡಿಸಿದ. ಒಳಗೆ ದೇವರ ಜಗಲಿಯ ಮೇಲೆ ಪದಕದ ಡಬ್ಬಿ ತೆರೆದಿತ್ತು. ಕಾಕಾನ ಹೆಂಡತಿ ದಿನಾ ಪೂಜೆ ಮಾಡುವಾಗ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ದೇಶದ ಲಾಂಛನ ಅರ್ಧ ವಿಭೂತಿಯಲ್ಲಿ ಮುಚ್ಚಿಹೋಗಿತ್ತು, ಮೇಲೆ ಒಂದು ದಾಸವಾಳ.

"ಕಾಕಾ, ಇವತ್ತು ಸಂಜಿಗಿ ರಾಯಚೂರಾಗ ಸನ್ಮಾನ ಅದ. ನೀ ಬಾ" ಎಂದೆ.

"ನನ್ನ ಕರದಾರೇನು?"

"ನಾ ಕರ್ಯಾಕತ್ತೀನಲ್ಲ."

"ನೀ ಕರದ್ರ ಉಣ್ಣಾಕ ಬರ್ತೀನಿ. ಹಾಡಾಕ ಮೇಳದವರು ಕರೀಬೇಕು, ಇಲ್ಲಾ ಸಭಾದವರು ಕರೀಬೇಕು."

ನನಗೆ ಹಟ ಬಂತು. ಅಲ್ಲಿಯೇ ಅಧ್ಯಕ್ಷರಿಗೆ ಫೋನ್ ಹಚ್ಚಿ, ಕಾಕಾನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಅವರು ನಿಜವಾಗಿಯೂ ಕರೆಯುತ್ತಾರೆ ಎಂಬ ನಂಬಿಕೆ ನನಗಿತ್ತು. ಮೇಳದ ಹಿಮ್ಮೇಳದವರು ಇಲ್ಲಿದ್ದಾರೆ, ಅವರೂ ವೇದಿಕೆಗೆ ಬಂದರೆ ಹಾಡು ಹಾಡಬಹುದು ಎಂದೆ.

"ಹಾಡಿಗೇನು ಚಿಂತಿ ಇಲ್ರೀ ಮೇಡಂ, ಟ್ರ್ಯಾಕ್ ತರಿಸೀವಿ. ಸಿನಿಮಾದ್ದೇ ಟ್ರ್ಯಾಕ್. ಯಜಮಾನರು ಮೈಕ್ ಹಿಡಕೊಂಡು ನಿಂತ್ರ ಸಾಕು. ಮತ್ತ ಸ್ಟೇಜಿನ ಮ್ಯಾಲ ಕುರ್ಚಿ ಇಲ್ಲರೀ, ಲೀಡರ್ಸಿಗೇ ಸಾಲವಲ್ಲವು. ಆ ಹಿಂದ ಹಾಡೋರನ್ನ ಎಲ್ಲಿ ಕುಂದ್ರಸೂದು? ನೀವು ಪದಕ ಒಂದು ತಂದುಬಿಡ್ರಿ."

ನಾನು ಫೋನ್ ಆರಿಸಿದೆ. ಕಾಕಾ ಸಲಿಕೆ ಬದಿಗಿಟ್ಟು ಒಳಗೆ ಹೋದ. ಡಬ್ಬಿ ತಂದ. ಧೋತರದ ತುದಿಯಿಂದ ವಿಭೂತಿ ಒರೆಸಿ, ಮುಚ್ಚಳ ಹಾಕಿ ನನ್ನ ತೊಡೆಯ ಮೇಲಿಟ್ಟ.

"ಒಯ್ಯಿ. ಇದಕ್ಕ ಬಂದೀ. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಪಾಳಿ ನಡುವ ಒಯ್ದ ಮ್ಯಾಲ ಅದು ನಿಮ್ಮಪ್ಪಂದು. ಹೊಳ್ಳಿ ನಮ್ಮ ಮನಿಗಿ ತರಬ್ಯಾಡ್ರಿ, ನನ್ನನ್ನೂ ಮೇಳದವ ಅನಬ್ಯಾಡ್ರಿ."

ಅದು ಸಿಟ್ಟಿನ ಮಾತಾಗಿದ್ದರೆ ನಾನೂ ಸಿಟ್ಟಿನಲ್ಲಿ ಉತ್ತರಿಸುತ್ತಿದ್ದೆ. ಆದರೆ ಅವನು ಡಬ್ಬಿಯ ಮೇಲಿಂದ ಕೈ ತೆಗೆದಿರಲಿಲ್ಲ. ಈ ಮನುಷ್ಯನಿಗೆ ಪದಕದ ಆಸೆ ಇಲ್ಲವೆಂದು ನಾನು ಬರೆಯುವುದಿಲ್ಲ. ಇತ್ತು. ತನ್ನ ದನಿ ದೇಶಕ್ಕೆ ಕೇಳಲಿ ಎಂಬ ಆಸೆ ಅವನಿಗೂ ಅಪ್ಪನಷ್ಟೇ ಇತ್ತು. ಅದು ತಪ್ಪೇ?

ನಾನು ಎದ್ದು ಡಬ್ಬಿಯನ್ನು ಜಗಲಿಯ ಮೇಲೆ ಮೊದಲಿನ ಹಾಗೆ ಇಟ್ಟೆ, ಮುಚ್ಚಳ ತೆಗೆದೆ. "ನಿನ್ನ ಪಾಳಿ ಮುಗದಿಲ್ಲ ಕಾಕಾ" ಎಂದು ಹೇಳಿ ಹೊರಬಿದ್ದೆ. ಅವನು ತಡೆಯಲೂ ಇಲ್ಲ, ಬಸ್ಸಿನ ತನಕ ಕಳಿಸಲೂ ಬರಲಿಲ್ಲ. ಕರೆಯಲು ಹೋಗಿ ಅವನಿಗೆ ಆ ಫೋನಿನ ಮಾತು ಕೇಳಿಸಿ ಬಂದೆನಲ್ಲ ಎಂದು ಮಾನ್ವಿಯವರೆಗೂ ತುಟಿ ಕಚ್ಚಿಕೊಂಡೇ ಕುಳಿತಿದ್ದೆ.

ಸಂಜೆ ರಂಗಮಂದಿರದ ತುಂಬ ಜನ. ಬ್ಯಾನರಿನಲ್ಲಿ ಅಪ್ಪನ ಹೆಸರಿನ ಮುಂದೆ, ಹಚ್ಚಬಾರದೆಂದು ನಾನು ಪಾಠ ಮಾಡುವುದೆಲ್ಲವನ್ನೂ ಹಚ್ಚಿದ್ದರು. ನಾನು ಬರಿಗೈಲಿ ಬಂದದ್ದನ್ನು ನೋಡಿ ಅಧ್ಯಕ್ಷರು ಕಿಸೆಯಿಂದ ಇನ್ನೊಂದು ಡಬ್ಬಿ ತೆಗೆದರು. ಆಟದ ಸಾಮಾನಿನ ಅಂಗಡಿಯಿಂದ ತಂದ ಹಳದಿ ಪದಕ, ಮೇಲೆ ಓಡುವ ಮನುಷ್ಯನ ಚಿತ್ರ.

"ದೂರಿಂದ ಯಾರಿಗೂ ಗೊತ್ತಾಗಂಗಿಲ್ಲ ಯಜಮಾನ್ರೇ."

"ನನಗ ಹತ್ರದಿಂದ ಗೊತ್ತಾಗ್ತದಲ್ರೀ" ಎಂದ ಅಪ್ಪ.

ಆಮೇಲೆ ನನ್ನತ್ತ ತಿರುಗಿ, ನಾನು ಎಲ್ಲಿಗೆ ಹೋಗಿದ್ದೆ ಎಂಬುದನ್ನು ಯಾರೋ ಆಗಲೇ ಹೇಳಿದ್ದರೆಂದು ಕಾಣುತ್ತದೆ, ಇಷ್ಟೇ ಕೇಳಿದ. "ಬಂದಾನೇನು?"

"ಇಲ್ಲ."

"ಪದಕ?"

"ಅವನ ಹತ್ರಾನೇ ಅದ."

ಅಪ್ಪ ತಲೆದೂಗಿದ. ಮಂತ್ರಿಗಳ ಭಾಷಣ ಮುಗಿಯಿತು. ಪೇಟ ಸುತ್ತಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಹಾಡಿರಿ ಎಂದು ಮೈಕ್ ಕೈಗಿತ್ತರು. ಟ್ರ್ಯಾಕ್ ಶುರುವಾದದ್ದೇ ತಡ, ಹುಡುಗರು ಎದ್ದು ಶಿಳ್ಳೆ ಹೊಡೆದರು, ಮೊಬೈಲುಗಳು ಮೇಲೆದ್ದವು. ಅಪ್ಪ ಹಾಡಲಿಲ್ಲ. ಕೈ ಎತ್ತಿ ಅದನ್ನು ನಿಲ್ಲಿಸಿ ಎಂದು ಸನ್ನೆ ಮಾಡಿದ. ಸದ್ದು ನಿಂತ ಮೇಲೆ ಏಕತಾರಿಯನ್ನು ಎದೆಗೆ ಆನಿಸಿಕೊಂಡು ಹಳೆಯ ಧಾಟಿಯಲ್ಲಿ ಎತ್ತಿಕೊಂಡ.

"ತಲಿ ಮ್ಯಾಲ ತುಂಬಿದ ಕೊಡವ್ವ, ದಾರಿ ದೂರ..."

ಅಲ್ಲಿಗೆ ನಿಲ್ಲಿಸಿ ಸುಮ್ಮನೆ ನಿಂತ. ಬಲಗಡೆಗೆ ತುಸು ವಾಲಿ ನಿಂತ, ಕಾಕಾ ಯಾವಾಗಲೂ ಕೂರುತ್ತಿದ್ದ ಬದಿಗೆ. ಒಂದು ಪಲ್ಲವಿ ಹಾಡಿ ಮುಗಿಸುವಷ್ಟು ಹೊತ್ತು ಏಕತಾರಿಯ ತಂತಿ ಮಾತ್ರ ಮಿಡಿಯುತ್ತಿತ್ತು. ಹಿಂದಿನಿಂದ ಹುಡುಗರು "ಹೊಯ್ಯಾ" ಎಂದು ತೆಗೆದರು. ಅಪ್ಪ ಅಂಗೈ ತೋರಿಸಿ ಸುಮ್ಮನಾಗಿಸಿದ. ಎರಡನೆಯ ನುಡಿ ಎತ್ತಿದ. ಮತ್ತೆ ನಿಂತ. ಮಂತ್ರಿಗಳು ಅಧ್ಯಕ್ಷರ ಮುಖ ನೋಡಿದರು. ನನ್ನ ಪಕ್ಕದಲ್ಲಿ ಗಂಡ, "ಮಾವಾರಿಗೆ ಹಾಡು ಮರತದೇನು?" ಎಂದು ಪಿಸುಗುಟ್ಟಿದರು. ನನಗೆ ಮಾತ್ರ ಆ ಖಾಲಿ ಜಾಗದಲ್ಲಿ ಪ್ರತಿ ಅಕ್ಷರವೂ ಕೇಳುತ್ತಿತ್ತು. ಎದ್ದು ನಾನೇ ಹಾಡಿಬಿಡಲೇ ಎನ್ನಿಸಿ ಕುರ್ಚಿಯ ಅಂಚಿಗೆ ಬಂದಿದ್ದೆ. ಅದು ನನ್ನ ಜಾಗವಾಗಿರಲಿಲ್ಲ. ಅಪ್ಪ ಇಡೀ ಪದ ಹಾಗೆಯೇ ಹಾಡಿದ, ಪಲ್ಲವಿಯ ಜಾಗವನ್ನೆಲ್ಲ ಬರಿದೇ ಬಿಟ್ಟು. ಮುಗಿದಾಗ ಚಪ್ಪಾಳೆ ಬಿದ್ದವು, ಕನಿಕರದ ಚಪ್ಪಾಳೆ.

ರಾತ್ರಿ ಊಟದ ಹೊತ್ತಿಗೆಲ್ಲ ಅದರ ವಿಡಿಯೋ ಊರು ಸುತ್ತಿತ್ತು. ದೇಶದ ಗೌರವ ಪಡೆದ ಅಜ್ಜನಿಗೆ ತನ್ನ ಹಾಡೇ ನೆನಪಿಲ್ಲ ಎಂದು ಯಾರೋ ಕೆಳಗೆ ಬರೆದಿದ್ದರು. ಸಿನೆಮಾ ಮಾಡಿಕೊಟ್ಟ ಹೆಸರು, ಇಂಥವರಿಗೆಲ್ಲ ಯಾಕೆ ಪದಕ ಎಂದು ಇನ್ನೊಬ್ಬ. ಅದು ಅಕ್ಷರಶಃ ನನ್ನದೇ ವಾದ. ನಾನು ಫೋನನ್ನು ಹಾಸಿಗೆಯ ಮೇಲೆ ಬೀಸಿ ಒಗೆದೆ. ಅಪ್ಪ ನಮ್ಮ ಮನೆಯ ಹಾಲಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಬೆಳಿಗ್ಗೆ ಅಪ್ಪನನ್ನು ದೇವದುರ್ಗದ ಬಸ್ಸಿಗೆ ಹತ್ತಿಸಿ ನಾನು ಮತ್ತೆ ಪೋತ್ನಾಳದ ಕಡೆ ಹೋದೆ. ಅಂದು ಭಾನುವಾರ. ವಿಡಿಯೋದ ಕೆಳಗಿನ ಬರಹವನ್ನು ಕಾಕಾ ಬೇರೆಯವರಿಂದ ಕೇಳುವುದಕ್ಕಿಂತ ಮುಂಚೆ, ಅಪ್ಪ ಮರೆತಿರಲಿಲ್ಲ ಎಂದು ನಾನೇ ಹೇಳಬೇಕಿತ್ತು. ಬಸ್ಸಿನಲ್ಲಿ ಮಾತು ಜೋಡಿಸುತ್ತ ಹೋದೆ, ಯಾವುದೂ ಸರಿ ಕೂಡಲಿಲ್ಲ.

ಕಾಕಾನ ಮನೆಯ ಅಂಗಳಕ್ಕೆ ಕಾಲಿಡುವ ಮುಂಚೆಯೇ ಅಪ್ಪನ ದನಿ ಕೇಳಿತು. ಅವನ ಸೊಸೆ ಮೊಬೈಲ್ ಹಿಡಿದು ಹೊಸ್ತಿಲಲ್ಲಿ ಕುಳಿತಿದ್ದಳು. ಕಾಕಾ ಅದರ ಎದುರಿಗೆ, ಭಜನೆಗೆ ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡು, ಕಣ್ಣು ಮುಚ್ಚಿದ್ದ. ಅಪ್ಪ ನುಡಿ ಹೇಳಿ ನಿಲ್ಲಿಸಿದ. ಕಾಕಾ ಕೆಳಗಿನ ಸ್ವರದಲ್ಲಿ ತೆಗೆದುಕೊಂಡ.

"ಕೈ ಹಚ್ಚಿ ಇಳಿಸವ್ವ, ಕೈ ಹಚ್ಚಿ ಇಳಿಸ..."

ಅವನು ಮುಗಿಸಿದ ಗಳಿಗೆಗೇ ಮೊಬೈಲಿನೊಳಗೆ ಅಪ್ಪ ಮುಂದಿನ ನುಡಿ ಎತ್ತಿದ. ಒಂದು ಉಸಿರಿನಷ್ಟೂ ಆಚೀಚೆ ಆಗಲಿಲ್ಲ. ಮತ್ತೆ ಖಾಲಿ ಜಾಗ ಬಂತು, ಮತ್ತೆ ಕಾಕಾ ತುಂಬಿದ. ನಾನು ಬೇವಿನ ಗಿಡ ಹಿಡಿದು ನಿಂತುಬಿಟ್ಟೆ. ಅಲ್ಲಿಯವರೆಗೆ ಬಾರದ ಅಳು ಅಲ್ಲಿ ಬಂತು. ಪದ ಮುಗಿಯುವವರೆಗೂ ಯಾರೂ ನನ್ನನ್ನು ನೋಡಲಿಲ್ಲ.

ಮುಗಿದ ಮೇಲೆ ಕಾಕಾ ಕಣ್ಣು ತೆರೆದ. ನನ್ನನ್ನು ಕಂಡು ನಾಚಿಕೊಂಡವನಂತೆ ಎಲೆ ಅಡಿಕೆಯ ಚೀಲ ಹುಡುಕಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಗದರಿದ.

"ನಿಮ್ಮಪ್ಪ ಮೂರನೇ ನುಡಿಗಿ ಅವಸರ ಮಾಡ್ಯಾನ ನೋಡು. ಎಷ್ಟು ವರ್ಷದಿಂದ ಬಡಕೊಳ್ಳಾಕತ್ತೀನಿ ಅವನಿಗಿ. ಅಲ್ಲಿ ತಡೀಬೇಕು."

"ಹೇಳ್ತೀನಿ ಕಾಕಾ" ಎಂದೆ.

"ನೀ ಹೇಳಿದ್ರ ಕೇಳ್ತಾನೇನು ಅವ?" ಎಂದ. "ಅಮಾಸಿಗಿ ನಾನೇ ಬಂದು ಹೇಳ್ತೀನಿ."